ಟು-ಲೆಟ್ ಫಲಕದ ಮೇಲಿನ ಫೋನ್ ನಂಬರೇ ವೈಫೈ ಪಾಸ್‌ವರ್ಡ್: ರೂಟರಿನಲ್ಲಿ ಏನೇನು ಬದಲಾಯಿಸಬೇಕು?

ಪ್ರಶ್ನೆ: ಸಾಧನಕೇರಿ_ನಿವಾಸಿ

ಧಾರವಾಡದಲ್ಲಿ ನಮ್ಮದು ಎರಡಂತಸ್ತಿನ ಮನೆ. ಕೆಳಗೆ ನಾವಿಬ್ಬರು ವಯಸ್ಸಾದವರು ಇದ್ದೇವೆ, ಮೇಲಿನ ಎರಡು ಕೋಣೆಗಳನ್ನು ಕಾಲೇಜು ಓದುವ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಮೂರು ವರ್ಷಗಳ ಹಿಂದೆ ಫೈಬರ್ ಸಂಪರ್ಕ ಕೊಡಲು ಬಂದಿದ್ದ ಹುಡುಗ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ, ‘ನಿಮ್ಮ ಮೊಬೈಲ್ ನಂಬರನ್ನೇ ವೈಫೈ ಪಾಸ್‌ವರ್ಡ್ ಮಾಡಿದ್ದೇನೆ, ಮರೆಯುವ ಪ್ರಶ್ನೆಯೇ ಇಲ್ಲ ಸರ್’ ಎಂದು ಹೇಳಿ ಹೋದ. ನಮಗೂ ಅದು ಅನುಕೂಲವಾಗಿಯೇ ಕಂಡಿತ್ತು.

ಕಳೆದ ಒಂದು ತಿಂಗಳಿಂದ ಸಂಜೆ ಏಳರ ನಂತರ ಟಿವಿಯಲ್ಲಿ ಚಿತ್ರ ನಿಂತು ನಿಂತು ಬರುತ್ತಿದೆ. ಪರಊರಿನಲ್ಲಿರುವ ಮಗ ಫೋನಿನಲ್ಲಿ ಹೇಳಿಕೊಟ್ಟಂತೆ ಬ್ರೌಸರಿನಲ್ಲಿ 192.168.1.1 ಎಂದು ಬರೆದು ರೂಟರಿನ ಪುಟ ತೆರೆದು ನೋಡಿದರೆ, ಸಂಪರ್ಕದಲ್ಲಿರುವ ಸಾಧನಗಳ ಪಟ್ಟಿಯಲ್ಲಿ 17 ಸಾಲುಗಳಿದ್ದವು. ನಮ್ಮಲ್ಲಿರುವುದು ಎರಡು ಫೋನು, ಒಂದು ಲ್ಯಾಪ್‌ಟಾಪ್, ಟಿವಿ, ಪ್ರಿಂಟರ್ ಮತ್ತು ಗೇಟಿನ ಕ್ಯಾಮೆರಾ, ಒಟ್ಟು ಆರೇ ಆರು. ಮೇಲಿನ ಹುಡುಗರಿಗೆ ನಾವು ಪಾಸ್‌ವರ್ಡ್ ಕೊಟ್ಟಿಲ್ಲ. ಆ ದಿನ ಸಂಜೆ ಹಾಲು ತರಲು ಹೊರಟವನು ಗೇಟಿನ ಮುಂದೆ ನಿಂತುಬಿಟ್ಟೆ: ಅಲ್ಲಿ ತೂಗುಹಾಕಿರುವ ‘ರೂಮು ಬಾಡಿಗೆಗಿದೆ’ ಫಲಕದಲ್ಲಿ ನಾನೇ ಕೆಂಪು ಬಣ್ಣದಲ್ಲಿ ದಪ್ಪ ಅಂಕಿಗಳಲ್ಲಿ ಬರೆಸಿದ್ದ ಹತ್ತು ಅಂಕಿಗಳು ನಮ್ಮ ವೈಫೈ ಪಾಸ್‌ವರ್ಡೇ ಆಗಿದ್ದವು.

ಪರಿಚಯದವರೊಬ್ಬರು, ವೈಫೈ ಹೆಸರು ಯಾರಿಗೂ ಕಾಣದಂತೆ ಮರೆಮಾಡಿ, ನಮ್ಮ ಆರು ಸಾಧನಗಳ ಮ್ಯಾಕ್ ವಿಳಾಸಗಳನ್ನು (ನೆಟ್‌ವರ್ಕಿನಲ್ಲಿ ಪ್ರತಿ ಸಾಧನಕ್ಕಿರುವ ಗುರುತಿನ ಸಂಖ್ಯೆಗಳನ್ನು) ರೂಟರಿನಲ್ಲಿ ನೋಂದಾಯಿಸಿಬಿಟ್ಟರೆ ಸಾಕು ಎನ್ನುತ್ತಾರೆ. ಅಷ್ಟು ಸಾಕೇ? ಇದೇ ವೈಫೈನಲ್ಲಿ ನಾವು ಬ್ಯಾಂಕಿನ ವ್ಯವಹಾರವನ್ನೂ ಮಾಡಿದ್ದೇವೆ. ಬೇರೆ ಯಾರೋ ನಮ್ಮ ಸಂಪರ್ಕದಿಂದ ಏನಾದರೂ ಅನಾಹುತ ಮಾಡಿದರೆ ಪೊಲೀಸರು ನಮ್ಮ ಬಾಗಿಲಿಗೆ ಬರುತ್ತಾರೆಯೇ ಎಂಬ ಚಿಂತೆಯೂ ಇದೆ.

ಉತ್ತರ 1: ತಂತಿಮನೆ

ನಿಮ್ಮ ಪರಿಚಯದವರು ಹೇಳಿದ ಎರಡೂ ಉಪಾಯಗಳು ರಂಗೋಲಿ ಹಾಕಿ ಕಳ್ಳನನ್ನು ತಡೆಯುವಂಥವು. ಹೆಸರನ್ನು ಮರೆಮಾಡಿದರೆ ರೂಟರ್ ಅದನ್ನು ತಾನಾಗಿ ಸಾರುವುದನ್ನು ನಿಲ್ಲಿಸುತ್ತದೆ, ನಿಜ. ಆದರೆ ನಿಮ್ಮದೇ ಫೋನು ಸೇರಿಕೊಳ್ಳುವಾಗಲೆಲ್ಲ ಆ ಹೆಸರನ್ನು ಗಾಳಿಯಲ್ಲಿ ಬಹಿರಂಗವಾಗಿಯೇ ಹೇಳುತ್ತದೆ, ಮೇಲಾಗಿ ನೀವು ಬಸ್ಸಿನಲ್ಲಿ ಕುಳಿತಿದ್ದಾಗಲೂ ಆ ಹೆಸರಿನ ವೈಫೈ ಇಲ್ಲಿದೆಯೇ ಎಂದು ಕೂಗಿ ಹುಡುಕುವ ಅಭ್ಯಾಸ ಅದಕ್ಕೆ ಅಂಟಿಕೊಳ್ಳಬಹುದು. ಮ್ಯಾಕ್ ವಿಳಾಸದ ಕಥೆ ಇನ್ನೂ ದುರ್ಬಲ. ಪಾಸ್‌ವರ್ಡ್ ಎಷ್ಟೇ ಗಟ್ಟಿಯಾಗಿದ್ದರೂ ಮ್ಯಾಕ್ ವಿಳಾಸ ಮಾತ್ರ ಪ್ರತಿಯೊಂದು ಸಂದೇಶದ ಮೇಲೂ ಅಂಚೆ ಲಕೋಟೆಯ ವಿಳಾಸದಂತೆ ತೆರೆದೇ ಇರುತ್ತದೆ, ಅದನ್ನು ನೋಡಿ ನಕಲು ಮಾಡಿಕೊಳ್ಳುವುದು ಒಂದು ಸಾಲಿನ ಆಜ್ಞೆಯ ಕೆಲಸ. ಜೊತೆಗೆ ಆಂಡ್ರಾಯ್ಡ್ 10ರಿಂದ ಮತ್ತು ಐಫೋನಿನಲ್ಲಿ ಐಒಎಸ್ 14ರಿಂದ ಫೋನುಗಳು ಪ್ರತಿ ವೈಫೈಗೂ ಒಂದೊಂದು ಹುಸಿ ಮ್ಯಾಕ್ ವಿಳಾಸವನ್ನು ತಾವೇ ಹುಟ್ಟಿಸಿಕೊಳ್ಳುತ್ತವೆ. ಆದ್ದರಿಂದ ನೋಂದಣಿಯ ಪಟ್ಟಿಯಿಂದ ಕಳ್ಳನಿಗಿಂತ ಹೆಚ್ಚು ಕಷ್ಟಪಡುವವರು ನೀವೇ.

ನಿಜವಾದ ಗೋಡೆ ಪಾಸ್‌ವರ್ಡಿನ ಉದ್ದ. ಇದು ಏಕೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ‘ಫಲಕದಿಂದ ನಂಬರ್ ಅಳಿಸಿದರಾಯಿತು’ ಎಂದು ನಿಮಗೆ ಅನ್ನಿಸಬಾರದು. ನಿಮ್ಮ ಫೋನು ರೂಟರನ್ನು ಸೇರುವಾಗ ಎರಡೂ ಪರಸ್ಪರ ನಾಲ್ಕು ಸಂದೇಶಗಳನ್ನು ಕಳುಹಿಸಿಕೊಳ್ಳುತ್ತವೆ. ಆ ಸಂದೇಶಗಳಲ್ಲಿ ಪಾಸ್‌ವರ್ಡ್ ಇರುವುದಿಲ್ಲ. ಆದರೆ ಊಹಿಸಿದ ಪಾಸ್‌ವರ್ಡ್ ಸರಿಯೋ ತಪ್ಪೋ ಎಂದು ತಾಳೆ ನೋಡಲು ಸಾಕಾಗುವಷ್ಟು ಸುಳಿವು ಇರುತ್ತದೆ. ರಸ್ತೆಯಲ್ಲಿ ನಿಂತ ಒಬ್ಬನು ಆ ನಾಲ್ಕು ಸಂದೇಶಗಳನ್ನು ಒಮ್ಮೆ ಹಿಡಿದುಕೊಂಡರೆ, ಆಮೇಲೆ ತನ್ನ ಮನೆಯಲ್ಲಿ ಕುಳಿತು, ನಿಮ್ಮ ರೂಟರಿಗೆ ಸುಳಿವೇ ಸಿಗದಂತೆ, ಎಷ್ಟು ಬೇಕಾದರೂ ಊಹೆಗಳನ್ನು ಪ್ರಯತ್ನಿಸಬಹುದು. ನಮ್ಮ ದೇಶದ ಮೊಬೈಲ್ ನಂಬರುಗಳು 6, 7, 8 ಅಥವಾ 9ರಿಂದ ಆರಂಭವಾಗುತ್ತವೆ. ಹಾಗಾಗಿ ಇರಬಹುದಾದ ಒಟ್ಟು ನಂಬರುಗಳು 400 ಕೋಟಿ. ದೊಡ್ಡ ಸಂಖ್ಯೆಯೆಂದು ತೋರುತ್ತದೆ, ಆದರೆ ಗೇಮ್ ಆಡುವವರು ಇಟ್ಟುಕೊಳ್ಳುವ ಒಂದು ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 5 ಲಕ್ಷ ಊಹೆ ಮಾಡುತ್ತದೆ ಎಂದಿಟ್ಟುಕೊಂಡರೂ 8,000 ಸೆಕೆಂಡಿನಲ್ಲಿ, ಅಂದರೆ ಸುಮಾರು ಎರಡೂಕಾಲು ಗಂಟೆಯಲ್ಲಿ ಅಷ್ಟೂ ನಂಬರುಗಳು ಮುಗಿದುಹೋಗುತ್ತವೆ. ಇಂದಿನ ಕಾರ್ಡುಗಳು ಅದಕ್ಕಿಂತ ವೇಗವಾಗಿವೆ. ಫಲಕ ನೋಡಬೇಕಾದ ಅಗತ್ಯವೇ ಇಲ್ಲ.

ವೈಫೈ ಪಾಸ್‌ವರ್ಡ್ 8ರಿಂದ 63 ಅಕ್ಷರಗಳವರೆಗೆ ಇರಬಹುದು. ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸಾಲಾಗಿ ಬರೆಯಿರಿ: ತಕ್ಕಡಿ, ಇಜ್ಜಲು, ಮಿಡತೆ ಎಂಬಂತೆ, ಕಣ್ಣು ಮುಚ್ಚಿ ನಿಘಂಟಿನ ಪುಟ ತೆರೆದು ಆರಿಸಿದ ಪದಗಳು (ಈಗ ಬರೆದ ಮೂರನ್ನು ಬಿಟ್ಟು). ನೆನಪಿಡಲು ಸುಲಭವೆಂದು ಗಾದೆಯನ್ನಾಗಲಿ, ವಚನದ ಅಂಕಿತವನ್ನಾಗಲಿ, ಮನೆದೇವರ ಹೆಸರಿಗೆ 123 ಸೇರಿಸಿದ್ದನ್ನಾಗಲಿ ಇಡಬೇಡಿ. ಜನರು ಇಡುವಂಥವೇ ಊಹೆಯ ಪಟ್ಟಿಗಳಲ್ಲಿ ಮೊದಲು ಸೇರುವುದು. ಕನ್ನಡ ಲಿಪಿಯಲ್ಲೇ ಇಡುವ ಆಸೆ ನನಗೂ ಇತ್ತು, ಆದರೆ ಆ ಪಾಸ್‌ವರ್ಡನ್ನು ಟಿವಿ ಮತ್ತು ಪ್ರಿಂಟರುಗಳು ಒಪ್ಪಿಕೊಳ್ಳುವುದಿಲ್ಲ.

ಪಾಸ್‌ವರ್ಡಿನ ಪಕ್ಕದಲ್ಲೇ ಭದ್ರತೆಯ ವಿಧಾನವನ್ನು ಆರಿಸುವ ಜಾಗವಿರುತ್ತದೆ. 1997ರ ಡಬ್ಲ್ಯುಇಪಿ ಎಂಬುದು 2001ರಲ್ಲೇ ಮುರಿದುಬಿದ್ದ ಬೀಗ. ಪಟ್ಟಿಯಲ್ಲಿ ಇಂದಿಗೂ ಕಾಣಿಸಿದರೆ ಅದರ ಕಡೆ ನೋಡಲೂ ಬೇಡಿ. ಟಿಕೆಐಪಿ ಎಂಬ ಹಳೆಯ ಗೂಢಲಿಪಿ ವಿಧಾನದ ಹೆಸರು ಬರೆದಿರುವ ಆಯ್ಕೆಗಳೂ ಬೇಡ. 2004ರಿಂದ ಇರುವ ಡಬ್ಲ್ಯುಪಿಎ2, ಎಇಎಸ್ ಎಂಬ ಗೂಢಲಿಪಿ ವಿಧಾನದ ಜೊತೆಗೆ, ಇಂದಿಗೂ ಮನೆಗೆ ಸಾಕು, ಪಾಸ್‌ವರ್ಡ್ ಉದ್ದವಾಗಿರಬೇಕಷ್ಟೆ. 2018ರಲ್ಲಿ ಬಂದ ಡಬ್ಲ್ಯುಪಿಎ3ರಲ್ಲಿ ನಾನು ಮೇಲೆ ಹೇಳಿದ ‘ಹಿಡಿದುಕೊಂಡು ಹೋಗಿ ಮನೆಯಲ್ಲಿ ಊಹಿಸುವ’ ದಾರಿಯನ್ನೇ ಮುಚ್ಚಿದ್ದಾರೆ. ನಿಮ್ಮ ಪೆಟ್ಟಿಗೆಯಲ್ಲಿ ಅದಿದ್ದರೆ ಪ್ರಯತ್ನಿಸಿ.

ಇದರಷ್ಟೇ ಮುಖ್ಯವಾದದ್ದು ಡಬ್ಲ್ಯುಪಿಎಸ್. ರೂಟರಿನ ಹಿಂದೆ ಗುಂಡಿ ಒತ್ತಿದರೆ ಪಾಸ್‌ವರ್ಡ್ ಇಲ್ಲದೆ ಸೇರಬಹುದಾದ ಆ ಸೌಲಭ್ಯಕ್ಕೆ ಎಂಟು ಅಂಕಿಗಳ ಪಿನ್ ಒಂದೂ ಇರುತ್ತದೆ. ಎಂಟು ಅಂಕಿಗಳೆಂದರೆ ಹತ್ತು ಕೋಟಿ ಸಾಧ್ಯತೆಗಳು ಎಂದುಕೊಳ್ಳುತ್ತೇವೆ. ಆದರೆ ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕಹಾಕಿದ್ದು. ಜೊತೆಗೆ ಮೊದಲ ನಾಲ್ಕು ಅಂಕಿಗಳು ಸರಿಯಾದವೇ ಎಂಬುದನ್ನು ರೂಟರ್ ಪ್ರತ್ಯೇಕವಾಗಿ ಹೇಳಿಬಿಡುತ್ತದೆ. ಹೀಗಾಗಿ 10,000 ಮತ್ತು 1,000, ಒಟ್ಟು 11,000 ಪ್ರಯತ್ನಗಳಲ್ಲಿ ಬಾಗಿಲು ತೆರೆಯುತ್ತದೆಂದು 2011ರ ಕೊನೆಯಲ್ಲೇ ಬಹಿರಂಗವಾಯಿತು. ನೀವು ಐದು ಪದಗಳ ಪಾಸ್‌ವರ್ಡ್ ಇಟ್ಟು ಇದನ್ನು ಹಾಗೇ ಬಿಟ್ಟರೆ ಮುಂಬಾಗಿಲಿಗೆ ಹಿತ್ತಾಳೆ ಬೀಗ ಹಾಕಿ ಹಿತ್ತಿಲ ಬಾಗಿಲಿಗೆ ದಾರ ಕಟ್ಟಿದಂತೆ. ಅದನ್ನು ಪೂರ್ತಿ ನಿಲ್ಲಿಸಿ.

ಮೂರನೆಯದು, ರೂಟರಿನ ಪುಟಕ್ಕೆ ಪ್ರವೇಶಿಸುವ ಪಾಸ್‌ವರ್ಡ್. ಇದು ವೈಫೈ ಪಾಸ್‌ವರ್ಡಿಗಿಂತ ಬೇರೆ. ನಿಮ್ಮ ಮಗ ಅಲ್ಲಿ ಒಳಗೆ ಹೋಗಲು ಹೇಳಿಕೊಟ್ಟ ಪದ ‘ಅಡ್ಮಿನ್’ ಎಂದೇ ಆಗಿದ್ದರೆ, ಆ 17 ಸಾಲುಗಳಲ್ಲಿ ಇರುವ ಯಾರೇ ಆದರೂ ಅದೇ ಪುಟ ತೆರೆಯಬಲ್ಲವರಾಗಿದ್ದರು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಜಗತ್ತಿನ ಲಕ್ಷಾಂತರ ಕ್ಯಾಮೆರಾ ಮತ್ತು ರೂಟರುಗಳೊಳಗೆ ನುಗ್ಗಿದ್ದು ಯಾವ ಮಹಾ ವಿದ್ಯೆಯಿಂದಲೂ ಅಲ್ಲ, ಕಾರ್ಖಾನೆಯಿಂದ ಬಂದಂತೆಯೇ ಉಳಿದಿದ್ದ ಸುಮಾರು 60 ಜೋಡಿ ಹೆಸರು-ಪಾಸ್‌ವರ್ಡುಗಳನ್ನು ಒಂದರ ನಂತರ ಒಂದು ಹಾಕಿ ನೋಡುವುದರಿಂದ. ಒಳಗೆ ಬಂದವನು ಮಾಡಬಹುದಾದ ಕೆಟ್ಟ ಕೆಲಸವೆಂದರೆ, ತಾಣದ ಹೆಸರು ಕೊಟ್ಟರೆ ಅದು ಎಲ್ಲಿದೆಯೆಂದು ಹುಡುಕಿಕೊಡುವ ಡಿಎನ್‌ಎಸ್ ವಿಳಾಸ ಬದಲಾಯಿಸುವುದು. ಆಗ ನೀವು ಬ್ಯಾಂಕಿನ ಹೆಸರು ಬರೆದರೂ ಅವನು ಹೇಳಿದ ಜಾಗಕ್ಕೆ ಬ್ರೌಸರ್ ಹೋಗುತ್ತದೆ. ಬ್ಯಾಂಕಿನ ಆಪ್‌ಗಳು ಮತ್ತು ಎಚ್‌ಟಿಟಿಪಿಎಸ್ ಪುಟಗಳು ತಾವೇ ಸಂದೇಶವನ್ನು ಗೂಢಲಿಪಿಯಲ್ಲಿಟ್ಟು ಎದುರಿನವರ ಗುರುತನ್ನೂ ಪರೀಕ್ಷಿಸುವುದರಿಂದ ನಿಮ್ಮ ಹಿಂದಿನ ವ್ಯವಹಾರಗಳ ಬಗ್ಗೆ ನಿದ್ದೆಗೆಡಬೇಕಾಗಿಲ್ಲ. ಆದರೆ ಬ್ರೌಸರ್ ‘ಈ ತಾಣ ಸುರಕ್ಷಿತವಲ್ಲ’ ಎಂದು ಎಚ್ಚರಿಸಿದಾಗ ‘ಇರಲಿ, ಮುಂದುವರಿಸು’ ಎಂದು ಒತ್ತಿದ ನೆನಪಿದ್ದರೆ ಬ್ಯಾಂಕಿನ ಪಾಸ್‌ವರ್ಡ್ ಬದಲಾಯಿಸಿ. ರೂಟರಿನಲ್ಲಿ ಡಿಎನ್‌ಎಸ್ ಜಾಗ ‘ತಾನಾಗಿ ಪಡೆ’ ಎಂದಿದೆಯೇ ಅಥವಾ ನಿಮಗೆ ಗೊತ್ತಿಲ್ಲದ ಅಂಕಿಗಳಿವೆಯೇ ಎಂದು ಒಮ್ಮೆ ನೋಡಿ. ಹೊರಗಿನಿಂದ ರೂಟರ್ ಪುಟ ತೆರೆಯಲು ಅನುಮತಿಸುವ ರಿಮೋಟ್ ಮ್ಯಾನೇಜ್‌ಮೆಂಟ್ ಚಾಲೂ ಇದ್ದರೆ ನಿಲ್ಲಿಸಿ.

ಪೊಲೀಸರ ಪ್ರಶ್ನೆ ಕೇಳಿದ್ದೀರಿ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳು ನಡೆಯುವ ಕೆಲವೇ ನಿಮಿಷಗಳ ಮೊದಲು ಮಾಧ್ಯಮಗಳಿಗೆ ಬಂದ ಇಮೇಲ್‌ನ ಜಾಡು ಹಿಡಿದ ತನಿಖೆ, ನವಿ ಮುಂಬಯಿಯಲ್ಲಿ ವಾಸವಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಯ ವೈಫೈಗೆ ಬಂದು ಮುಟ್ಟಿತು. ಅವರ ಸಂಪರ್ಕಕ್ಕೆ ಸರಿಯಾದ ರಕ್ಷಣೆ ಇರಲಿಲ್ಲ. ಇಮೇಲ್ ಕಳುಹಿಸಿದವರು ಬೇರೆಯವರು, ಆದರೆ ವಿಚಾರಣೆ ಎದುರಿಸಿದವರು ಅವರು. ಇಂಥ ಪ್ರಕರಣಗಳ ನಂತರವೇ 2009ರ ಫೆಬ್ರವರಿಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ವೈಫೈ ಬಳಕೆಯನ್ನು ಭದ್ರಪಡಿಸುವಂತೆ ಸೂಚನೆಗಳನ್ನು ಹೊರಡಿಸಿತು. ಹೊರಜಗತ್ತಿಗೆ ಕಾಣುವ ವಿಳಾಸ ನಿಮ್ಮ ಹೆಸರಿನ ಸಂಪರ್ಕದ್ದಾಗಿರುವುದರಿಂದ ಮೊದಲ ಪ್ರಶ್ನೆ ನಿಮಗೇ ಬರುತ್ತದೆ.

ಉತ್ತರ 2: ಫೈಬರ್_ಗಂಟು

ನಾನು ಹನ್ನೆರಡು ವರ್ಷಗಳಿಂದ ಮಲೆನಾಡಿನ ಕಡೆ ಕೇಬಲ್ ಮತ್ತು ಫೈಬರ್ ಸಂಪರ್ಕ ಕೊಡುವ ಕೆಲಸ ಮಾಡುತ್ತಿದ್ದೇನೆ. ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡುವ ತಪ್ಪನ್ನು ನಾನೂ ನೂರಾರು ಮನೆಗಳಲ್ಲಿ ಮಾಡಿದ್ದೇನೆ ಎಂದು ಒಪ್ಪಿಕೊಳ್ಳುತ್ತೇನೆ. ಗಟ್ಟಿ ಪಾಸ್‌ವರ್ಡ್ ಇಟ್ಟುಬಂದರೆ ರಾತ್ರಿ ಹತ್ತು ಗಂಟೆಗೆ ‘ಅಳಿಯ ಬಂದಿದ್ದಾರೆ, ಪಾಸ್‌ವರ್ಡ್ ಏನಿತ್ತು?’ ಎಂದು ಫೋನು ಬರುತ್ತದೆ. ಆ ಫೋನಿನ ಭಯವೇ ಇದಕ್ಕೆಲ್ಲ ಮೂಲ. ಈಗ ಚೀಟಿಯಲ್ಲಿ ಬರೆದು ದೇವರ ಕೋಣೆಯ ಕ್ಯಾಲೆಂಡರಿನ ಹಿಂದೆ ಅಂಟಿಸಿ ಬರುತ್ತೇನೆ. ಮನೆಯೊಳಗಿನ ಚೀಟಿಯಿಂದ ಅಪಾಯ ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಮೇಲಿನವರು ಹೇಳದ ಎರಡು ಮಾತುಗಳಿವೆ. ನಿಮ್ಮ ಪೆಟ್ಟಿಗೆಯಲ್ಲಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ವೈಫೈಗಳಿರುತ್ತವೆ, ಎಷ್ಟೋ ಪೆಟ್ಟಿಗೆಗಳಲ್ಲಿ ಅವುಗಳ ಪುಟಗಳೂ ಬೇರೆ ಬೇರೆ. ನಾನು ದೂರು ನೋಡಲು ಹೋದ ಮನೆಗಳಲ್ಲಿ ಒಂದರ ಪಾಸ್‌ವರ್ಡ್ ಬದಲಾಯಿಸಿ ಇನ್ನೊಂದನ್ನು ಹಳೆಯದರಲ್ಲೇ ಬಿಟ್ಟಿರುವುದು ಸರ್ವೇಸಾಮಾನ್ಯ. ಪಕ್ಕದ ಮನೆಯವರ ಫೋನು ಏನೂ ಆಗದವರಂತೆ ಇನ್ನೊಂದಕ್ಕೆ ಹಾರಿಕೊಂಡಿರುತ್ತದೆ. ಎರಡನ್ನೂ ಬದಲಾಯಿಸಿ, ಎರಡರಲ್ಲೂ ಡಬ್ಲ್ಯುಪಿಎಸ್ ನಿಲ್ಲಿಸಿ.

ಇನ್ನೊಂದು, ಕಂಪನಿಯ ಕಡೆಯ ಸಂಪರ್ಕದ ವಿವರಗಳಿರುವ ವ್ಯಾನ್ ಎಂಬ ಪುಟದಲ್ಲಿನ ಪಿಪಿಪಿಒಇ ಹೆಸರು, ವಿಎಲ್ಎಎನ್ ಸಂಖ್ಯೆ ಇವುಗಳನ್ನು ಮುಟ್ಟಬೇಡಿ. ಬೇರೇನನ್ನೇ ಬದಲಾಯಿಸುವ ಮೊದಲೂ ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಪಾಸ್‌ವರ್ಡ್ ಮರೆತೆವೆಂದು ಸೂಜಿ ಹಾಕಿ ರೀಸೆಟ್ ಗುಂಡಿ ಒತ್ತಿದರೆ ಅವೆಲ್ಲ ಅಳಿಸಿಹೋಗಿ ಇಂಟರ್ನೆಟ್ಟೇ ನಿಂತುಹೋಗುತ್ತದೆ. ಟಿಆರ್-069 ಎಂಬ ಹೆಸರು ಕಂಡರೆ ಅದನ್ನೂ ಹಾಗೇ ಬಿಡಿ. ಕಂಪನಿಯವರು ಫರ್ಮ್‌ವೇರ್ (ರೂಟರಿನೊಳಗಿನ ತಂತ್ರಾಂಶ) ಕಳುಹಿಸುವುದು ಸಾಮಾನ್ಯವಾಗಿ ಅದರ ಮೂಲಕವೇ. ನೀವೇ ಅಂಗಡಿಯಿಂದ ತಂದ ರೂಟರ್ ಆದರೆ ಮಾತ್ರ ಫರ್ಮ್‌ವೇರ್ ಹಾಕುವ ಹೊಣೆ ನಿಮ್ಮದು.

ಉತ್ತರ 3: ಹಳೆಯ_ಪ್ರಿಂಟರ್

ಉತ್ತರ 1ರ ಬಗ್ಗೆ ಒಂದು ತಕರಾರು. ಡಬ್ಲ್ಯುಪಿಎ3 ಮಾತ್ರ ಎಂದು ಇಟ್ಟರೆ ಹಳೆಯ ಪ್ರಿಂಟರ್, ಅಗ್ಗದ ಸ್ಮಾರ್ಟ್ ಬಲ್ಬು ಮತ್ತು ಕ್ಯಾಮೆರಾಗಳು ಸೇರುವುದೇ ಇಲ್ಲ. ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಎರಡೂ ಸೇರಿದ ಮಿಶ್ರ ವಿಧಾನದಲ್ಲೂ ಕೆಲವು ತಕರಾರು ಮಾಡುತ್ತವೆ. ಇನ್ನು ಆ ಮಿಶ್ರ ವಿಧಾನದಲ್ಲಿ ಡಬ್ಲ್ಯುಪಿಎ2ರಲ್ಲಿ ಸೇರುವ ಸಾಧನ ಒಂದಿದ್ದರೂ ಊಹೆಯ ದಾಳಿಗೆ ದಾರಿ ತೆರೆದೇ ಇರುತ್ತದೆ. ಆದ್ದರಿಂದ ವಯಸ್ಸಾದವರ ಮನೆಗೆ ನಾನಂತೂ ಡಬ್ಲ್ಯುಪಿಎ2-ಎಇಎಸ್, ಉದ್ದ ಪಾಸ್‌ವರ್ಡ್, ಅಷ್ಟೇ ಸಾಕು ಎನ್ನುತ್ತೇನೆ.

ಆ 17 ಸಾಲುಗಳೆಲ್ಲ 17 ಜನರೆಂದು ತಿಳಿಯಬೇಡಿ. ಹೋದವರ ಹೆಸರುಗಳೂ ರೂಟರ್ ಅವರಿಗೆ ಕೊಟ್ಟ ತಾತ್ಕಾಲಿಕ ವಿಳಾಸದ ಅವಧಿ ಮುಗಿಯುವವರೆಗೆ ಪಟ್ಟಿಯಲ್ಲಿ ಉಳಿದಿರುತ್ತವೆ. ಮ್ಯಾಕ್ ವಿಳಾಸದ ಎರಡನೆಯ ಸ್ಥಾನದಲ್ಲಿ 2, 6, ಎ ಅಥವಾ ಇ ಇದ್ದರೆ ಅದು ಫೋನು ತಾನೇ ಹುಟ್ಟಿಸಿಕೊಂಡ ವಿಳಾಸ, ನಿಮ್ಮದೇ ಫೋನಿನದ್ದೂ ಆಗಿರಬಹುದು.

ಪ್ರಶ್ನಿಸಿದವರಿಂದ: ಸಾಧನಕೇರಿ_ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಲ್ಯಾಪ್‌ಟಾಪನ್ನು ತಂತಿಯ ಮೂಲಕವೇ ರೂಟರಿಗೆ ಜೋಡಿಸಿಕೊಂಡು ಕುಳಿತೆ. ಮೊದಲು ವ್ಯಾನ್ ಪುಟದ ಫೋಟೊ ತೆಗೆದೆ. ರೂಟರಿನ ಪ್ರವೇಶದ ಪಾಸ್‌ವರ್ಡ್ ನಿಜಕ್ಕೂ ‘ಅಡ್ಮಿನ್’ ಎಂದೇ ಇತ್ತು, ಬದಲಾಯಿಸಿದೆ. ಡಬ್ಲ್ಯುಪಿಎಸ್ ಎರಡೂ ಕಡೆ ಚಾಲೂ ಇತ್ತು, ನಿಲ್ಲಿಸಿದೆ. ಡಿಎನ್‌ಎಸ್ ‘ತಾನಾಗಿ ಪಡೆ’ ಎಂದೇ ಇದ್ದದ್ದು ಕಂಡು ಸಮಾಧಾನವಾಯಿತು. ನನ್ನ ಪತ್ನಿ ನಿಘಂಟು ತೆರೆದು ಐದು ಪದಗಳನ್ನು ಆರಿಸಿಕೊಟ್ಟರು, ಒಟ್ಟು 31 ಅಕ್ಷರಗಳಾದವು. ಟಿವಿಯ ರಿಮೋಟಿನಲ್ಲಿ ಬಾಣದ ಗುಂಡಿ ಒತ್ತಿ ಒತ್ತಿ ಅಷ್ಟನ್ನೂ ಬರೆಯುವುದಕ್ಕೆ ಕಾಲು ಗಂಟೆ ಹಿಡಿಯಿತು, ಎರಡು ಬಾರಿ ಮೊದಲಿನಿಂದ ಆರಂಭಿಸಬೇಕಾಯಿತು. ಪ್ರಿಂಟರ್ ಮಿಶ್ರ ವಿಧಾನದಲ್ಲಿ ಸೇರಲೇ ಇಲ್ಲ. ಡಬ್ಲ್ಯುಪಿಎ2ಕ್ಕೆ ಮರಳಿದ ಮೇಲೆ ಸೇರಿತು.

ಮಧ್ಯಾಹ್ನ ಪಟ್ಟಿಯಲ್ಲಿ ಏಳು ಸಾಲುಗಳಿದ್ದವು. ಏಳನೆಯದು ಯಾರದೆಂದು ಒಂದು ಗಂಟೆ ತಲೆಕೆಡಿಸಿಕೊಂಡ ಮೇಲೆ ತಿಳಿಯಿತು, ತಂತಿಯಲ್ಲಿದ್ದ ಲ್ಯಾಪ್‌ಟಾಪನ್ನು ವೈಫೈಗೂ ಸೇರಿಸಿದ್ದೆ, ಅದೇ ಎರಡು ಬಾರಿ ಕಾಣಿಸುತ್ತಿತ್ತು. ಸಂಜೆ ಮೂಲೆಯ ಇಸ್ತ್ರಿ ಅಂಗಡಿಯ ಹುಡುಗ ಬಟ್ಟೆ ಕೊಡಲು ಬಂದವನು ಬಹಳ ವಿನಯದಿಂದ ‘ಸರ್, ಇವತ್ತು ನಿಮ್ಮ ಮನೆಯಲ್ಲಿ ನೆಟ್ ಬರುತ್ತಿಲ್ಲವೇ?’ ಎಂದು ವಿಚಾರಿಸಿದ. ನನಗೆ ಸಿಟ್ಟು ಬರಲಿಲ್ಲ, ಅವನಿಗೆ ಅದು ಕದ್ದದ್ದೆಂದೇ ಅನ್ನಿಸಿರಲಿಲ್ಲ.

ಎರಡು ಪ್ರಶ್ನೆಗಳು ಉಳಿದಿವೆ. ಮೇಲಿನ ಹುಡುಗರು ತಿಂಗಳಿಗೆ ಇಷ್ಟು ಎಂದು ಕೊಡುತ್ತೇವೆ, ವೈಫೈ ಕೊಡಿ ಎಂದು ಕೇಳುತ್ತಿದ್ದಾರೆ; ಗೆಸ್ಟ್ ವೈಫೈ ಎಂಬುದನ್ನು ಅವರಿಗೆ ಕೊಡಬಹುದೇ? ಮತ್ತು ಪೋರ್ಟ್ ಫಾರ್ವರ್ಡಿಂಗ್ ಎಂಬ ಪುಟದಲ್ಲಿ ಕ್ಯಾಮೆರಾದ ವಿಳಾಸವಿರುವ ಒಂದು ಸಾಲು ಕಂಡಿತು. ಅದನ್ನು ನಾನು ಹಾಕಿದ್ದಲ್ಲ.

ಉತ್ತರ 4: ತಂತಿಮನೆ

ಗೆಸ್ಟ್ ವೈಫೈ ಎಂಬುದು ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಇರುವ ಪಡಸಾಲೆಯಿದ್ದಂತೆ. ಅಲ್ಲಿ ಕುಳಿತವರಿಗೆ ಇಂಟರ್ನೆಟ್ ಸಿಗುತ್ತದೆ, ಆದರೆ ನಿಮ್ಮ ಪ್ರಿಂಟರ್ ಆಗಲಿ ರೂಟರಿನ ಪುಟವಾಗಲಿ ಕಾಣುವುದಿಲ್ಲ. ಕಾಣುವುದಿಲ್ಲ ಎಂಬುದನ್ನು ಪರೀಕ್ಷಿಸಿಯೇ ನಂಬಿ: ಗೆಸ್ಟಿಗೆ ಸೇರಿದ ಫೋನಿನಲ್ಲಿ 192.168.1.1 ತೆರೆದು ನೋಡಿ, ಏಕೆಂದರೆ ಅಗ್ಗದ ಪೆಟ್ಟಿಗೆಗಳಲ್ಲಿ ಈ ಪ್ರತ್ಯೇಕತೆಗೆ ಬೇರೆಯೇ ಗುಂಡಿ ಇರುತ್ತದೆ. ಬಂದುಹೋಗುವ ನೆಂಟರಿಗೆ ಇದು ಹೇಳಿಮಾಡಿಸಿದ್ದು. ಬಾಡಿಗೆಯ ಹುಡುಗರಿಗೆ ಮಾತ್ರ ನಾನು ಬೇಡ ಎನ್ನುತ್ತೇನೆ. ಗೆಸ್ಟಿನಿಂದ ಹೋದದ್ದೂ ಹೊರಗೆ ನಿಮ್ಮ ಹೆಸರಿನಲ್ಲೇ ಹೋಗುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಹಂಚಿಕೊಳ್ಳುವ ಕ್ಯೂಆರ್ ಚೌಕವನ್ನು ಒಬ್ಬ ತೋರಿಸಿದರೆ ಅವನ ಹತ್ತು ಗೆಳೆಯರು ಪಾಸ್‌ವರ್ಡ್ ಕೇಳದೆಯೇ ಸೇರಿಕೊಳ್ಳುತ್ತಾರೆ. ಅವರ ಹೆಸರಿನಲ್ಲೇ ಬೇರೆ ಸಂಪರ್ಕ ಹಾಕಿಸಿಕೊಳ್ಳಲಿ.

ಕ್ಯಾಮೆರಾದ ಆ ಸಾಲು, ಕ್ಯಾಮೆರಾ ಕೂರಿಸಿದವರು ಹೊರಗಿನಿಂದ ಚಿತ್ರ ನೋಡಲೆಂದು ತೆರೆದಿಟ್ಟ ಬಾಗಿಲು ಇರಬಹುದು, ಅಥವಾ ಕ್ಯಾಮೆರಾ ಯುಪಿಎನ್‌ಪಿ ಮೂಲಕ ರೂಟರನ್ನು ತಾನೇ ಕೇಳಿ ತೆರೆಸಿಕೊಂಡದ್ದೂ ಇರಬಹುದು. ಯುಪಿಎನ್‌ಪಿಯನ್ನು ನಿಲ್ಲಿಸಿಬಿಡಿ. ಇಲ್ಲಿ ಕೆಲವರು, ನಮ್ಮ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಮನೆಗಳಿಗೆ ಹಂಚುವುದರಿಂದ ಹೊರಗಿನವರು ಒಳಗೆ ಬರಲಾರರು ಎಂದು ವಾದಿಸುತ್ತಾರೆ. ಇಂಟರ್ನೆಟ್ ವಿಳಾಸಗಳ ಹಳೆಯ ವ್ಯವಸ್ಥೆಯಾದ ಐಪಿವಿ4ರ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ಆದರೆ ಹೊಸ ವ್ಯವಸ್ಥೆಯಾದ ಐಪಿವಿ6ರಲ್ಲಿ, ಅದರ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲೇ ಇದೆ, ನಿಮ್ಮ ಕ್ಯಾಮೆರಾಕ್ಕೂ ಟಿವಿಗೂ ತಮ್ಮದೇ ಆದ ಸಾರ್ವಜನಿಕ ವಿಳಾಸ ಇರಬಹುದು. ಅಲ್ಲಿ ತಡೆಯುವುದು ರೂಟರಿನ ಐಪಿವಿ6 ಫೈರ್‌ವಾಲ್ ಒಂದೇ. ಸೆಕ್ಯುರಿಟಿ ಪುಟದಲ್ಲಿ ಅದು ಚಾಲೂ ಇದೆಯೇ ನೋಡಿ.

ಕ್ಯಾಮೆರಾಕ್ಕೆ ಅದರದೇ ಪಾಸ್‌ವರ್ಡ್ ಇರುತ್ತದೆ, ಅದನ್ನೂ ಬದಲಾಯಿಸಿ, ಆಮೇಲೆ ಅದನ್ನು ಗೆಸ್ಟ್ ವೈಫೈಗೆ ಸ್ಥಳಾಂತರಿಸಿ. ಪೋರ್ಟ್ ಫಾರ್ವರ್ಡಿಂಗಿನ ಸಾಲನ್ನು ಅಳಿಸಿ, ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಕ್ಯಾಮೆರಾದ ಆಪ್ ತೆರೆಯಿರಿ. ಗೇಟಿನ ಚಿತ್ರ ಎಂದಿನಂತೆ ಬಂದರೆ ಆ ಬಾಗಿಲು ಬೇಕಾಗಿಯೇ ಇರಲಿಲ್ಲ. ಬರದಿದ್ದರೆ ಸಾಲನ್ನು ಮತ್ತೆ ಹಾಕಲು ಹೋಗದೆ ಕ್ಯಾಮೆರಾದ ಮಾದರಿ ಸಂಖ್ಯೆಯನ್ನು ಇಲ್ಲಿ ಬರೆಯಿರಿ, ಬೇರೆ ದಾರಿ ನೋಡೋಣ.